ಡೀಸೆಲ್ ಪಿಕಪ್ ಗಾಡಿ: ಸಂಸಾರ, ಬೇಸಾಯ, ಕಚ್ಚಾದಾರಿ ಮೂರಕ್ಕೂ ಒಂದೇ ಗಾಡಿ ಒದಗುವುದೇ?

(ವ್ಯವಸಾಯದ ಇನ್‌ಸ್ಪೆಕ್ಟರರೊಬ್ಬರು, ಎಲ್. ಎಜಿ.)

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಹಲ್ಲು ಎಣಿಸಿ, ಸುಳಿ ನೋಡಿ, ಗೊರಸು ತಟ್ಟಿ, ಹತ್ತು ಹೆಜ್ಜೆ ನಡೆಯಿಸಿದ ಹೊರತು ಸೊಂಟದ ಗಂಟನ್ನು ಬಿಚ್ಚುವುದಿಲ್ಲ. ಅದೇ ರೈತನು ಹಲವು ಜೋಡಿ ಎತ್ತುಗಳ ಬೆಲೆಯುಳ್ಳ ಮೋಟಾರು ಗಾಡಿಯನ್ನು ಅದರ ಬಣ್ಣವನ್ನೂ ಎತ್ತರವನ್ನೂ ನೋಡಿ, ನೆರೆಯವನು ಕೊಂಡನೆಂಬ ಕಾರಣದಿಂದ ಕೊಳ್ಳುವುದನ್ನು ಕಾಣುತ್ತಿದ್ದೇವೆ. ಈಚಿನ ವರ್ಷಗಳಲ್ಲಿ ಹಿಂದೆ ಸರಕಿನ ತೊಟ್ಟಿಯೂ ಮುಂದೆ ಐದು ಮಂದಿಗೆ ಆಸನವೂ ಉಳ್ಳ ಡೀಸೆಲ್ ಪಿಕಪ್ ಗಾಡಿಗಳ ಮೇಲೆ ನಮ್ಮ ಜಮೀನುದಾರರಿಗೆ ಆಸೆ ಹೆಚ್ಚಿದೆ. ಸಂಸಾರವನ್ನು ಊರಿಗೆ ಕರೆದೊಯ್ಯಲು, ಗೊಬ್ಬರ ಬೆಳೆಗಳನ್ನು ಸಾಗಿಸಲು, ಮಳೆಗಾಲದಲ್ಲಿ ತೋಟದ ಕೆಸರನ್ನು ದಾಟಲು ಒಂದೇ ಗಾಡಿ ಸಾಕೆಂಬುದು ಅವರ ಎಣಿಕೆ. ಈ ಎಣಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು, ಕೊಳ್ಳುವ ಮೊದಲೇ ಮನೆಯಲ್ಲಿ ಕುಳಿತು ಪರೀಕ್ಷಿಸುವ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ.

ಭಾರದ ಲೆಕ್ಕ

ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಎಂಜಿನನ್ನಲ್ಲ, ಭಾರವನ್ನು. ಪ್ರತಿ ಗಾಡಿಗೂ ಎರಡು ತೂಕಗಳು ಗೊತ್ತಾಗಿರುತ್ತವೆ. ಒಂದು, ಖಾಲಿ ತೂಕ. ಕಾಯಿದೆಯ ಪ್ರಕಾರ ಇದರಲ್ಲಿ ಚಾಲಕನ ತೂಕ ಸೇರಿರುವುದಿಲ್ಲ. ಮತ್ತೊಂದು, ಮನುಷ್ಯರೂ ಸರಕೂ ಸೇರಿ ಗಾಡಿ ಮೀರಬಾರದ ಒಟ್ಟು ತೂಕ. ಇವುಗಳನ್ನು ನೋಂದಣಿ ಪತ್ರದಿಂದಲೂ ತಯಾರಕರ ಫಲಕದಿಂದಲೂ ತಿಳಿಯಬಹುದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ಗಾಡಿ ಹೊರಬಲ್ಲ ಭಾರ. ತೊಟ್ಟಿ ದೊಡ್ಡದಾಗಿದೆಯೆಂದ ಮಾತ್ರಕ್ಕೆ ಅದರ ತುಂಬ ಹೇರಬಹುದೆಂದು ತಿಳಿಯಬಾರದು.

ಒಂದು ಉದಾಹರಣೆಯನ್ನು ಎಣಿಸೋಣ. ಒಂದು ಗಾಡಿಯ ಒಟ್ಟು ತೂಕ 2,900 ಕಿಲೋಗ್ರಾಂ, ಖಾಲಿ ತೂಕ 2,100 ಕಿಲೋಗ್ರಾಂ ಇರಲಿ. ಹೊರಬಲ್ಲದ್ದು 800 ಕಿಲೋಗ್ರಾಂ. ತಲೆಗೆ 65 ಕಿಲೋಗ್ರಾಮಿನಂತೆ ಐದು ಮಂದಿ ಕುಳಿತರೆ 325 ಹೋಯಿತು. ಹಗ್ಗ, ಟಾರ್ಪಾಲು, ಸಲಕರಣೆಗಳಿಗೆ 75 ಎಂದಿಟ್ಟುಕೊಂಡರೆ ಉಳಿದದ್ದು 400. ಈಗ ಬರುವ ಯೂರಿಯಾ ಚೀಲವು 45 ಕಿಲೋಗ್ರಾಮಿನದಾದ್ದರಿಂದ ಎಂಟು ಚೀಲಗಳಿಗೆ ಮಾತ್ರ ಅವಕಾಶ. ಚಾಲಕನೂ ಒಬ್ಬ ಆಳೂ ಮಾತ್ರ ಹೋದರೆ ಅದೇ ಗಾಡಿಯಲ್ಲಿ ಹದಿಮೂರು ಚೀಲಗಳನ್ನು ತರಬಹುದು. ಆದಕಾರಣ ಸಂಸಾರವೂ ಸರಕೂ ಒಂದೇ ಪಾಲನ್ನು ಹಂಚಿಕೊಳ್ಳುತ್ತವೆಯೇ ಹೊರತು, ಎರಡಕ್ಕೂ ಬೇರೆ ಬೇರೆ ಪಾಲಿಲ್ಲ. ಸುಖವಾದ ಕ್ಯಾಬಿನ್ನೂ ನಾಲ್ಕು ಚಕ್ರಗಳಿಗೆ ಬಲ ಕೊಡುವ ಯಂತ್ರವೂ ಸೇರಿದಷ್ಟು ಗಾಡಿಯ ಸ್ವಂತ ತೂಕ ಹೆಚ್ಚುವುದರಿಂದ, ಬೆಲೆ ಹೆಚ್ಚಾದ ಗಾಡಿ ಹೆಚ್ಚು ಹೊರುವುದೆಂಬ ನಿಯಮವೂ ಇಲ್ಲ. ಎಷ್ಟೋ ಸಲ ಇದಕ್ಕೆ ವಿರುದ್ಧವೇ ನಿಜ.

ಮೀರಿ ಹೇರಿದರೆ ಸ್ಪ್ರಿಂಗು, ಟೈರು, ಬ್ರೇಕುಗಳು ಕೆಡುವುದಲ್ಲದೆ ದಂಡವೂ ಉಂಟು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಮೇರೆಗೆ ಅಧಿಕ ಭಾರಕ್ಕೆ 20,000 ರೂಪಾಯಿಗಳೂ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಗಳೂ ಗೊತ್ತಾಗಿವೆ.

ತೊಟ್ಟಿಯಲ್ಲಿ ಮನುಷ್ಯರು

ಗ್ರಾಮದ ಮುಖಂಡರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಸುಗ್ಗಿಯ ಕಾಲದಲ್ಲಿ ಪ್ರವಾಸದ ಮೇಲಿರುವಾಗ, ಕೂಲಿಯ ಹೆಂಗಸರು ಮುಂಜಾನೆ ತೊಟ್ಟಿಯಲ್ಲಿ ನಿಂತು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮದುವೆಯ ದಿಬ್ಬಣಗಳೂ ಹೀಗೆಯೇ ಸಾಗುವುದುಂಟು. ನಿಂತವರ ಭಾರವು ಮೇಲ್ಗಡೆ ಇರುವುದರಿಂದ ತಿರುವಿನಲ್ಲಿ ಗಾಡಿ ಮಗುಚುವ ಸಂಭವ ಹೆಚ್ಚು. ಹಿಡಿಯಲು ಆಧಾರವಾಗಲಿ ಕಟ್ಟಿಕೊಳ್ಳಲು ಪಟ್ಟಿಯಾಗಲಿ ಇಲ್ಲದ್ದರಿಂದ ಮಗುಚಿದರೆ ಉಳಿಯುವವರು ಕಡಮೆ.

ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಬಂದವರ ಬಗ್ಗೆ ಕಡ್ಡಾಯ ವಿಮೆಯ ಮೇರೆಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿದೆ. ಹಾಗಾದಲ್ಲಿ ಆ ಹೊಣೆ ಮಾಲೀಕನ ಮೇಲೆ, ಎಂದರೆ ಅವನ ಜಮೀನಿನ ಮೇಲೆ ಬಂದು ನಿಲ್ಲಬಹುದು. ಉಪಕಾರಕ್ಕೆಂದು ಹತ್ತಿಸಿಕೊಂಡ ಹತ್ತು ಮಂದಿ, ಎರಡು ಕುಟುಂಬಗಳ ಅನ್ನಕ್ಕೆ ಕುತ್ತಾಗುವುದು ಹೀಗೆ. ಆಳುಗಳನ್ನು ಕರೆತರುವುದೇ ಮುಖ್ಯ ಕೆಲಸವಾಗಿದ್ದಲ್ಲಿ ಆಸನಗಳುಳ್ಳ ಬೇರೆ ಗಾಡಿಯನ್ನು ಗೊತ್ತುಮಾಡತಕ್ಕದ್ದು. ಪಿಕಪ್ ಗಾಡಿ ಆ ಕೆಲಸಕ್ಕೆ ತಕ್ಕದ್ದಲ್ಲ.

ಡೀಸೆಲ್ ಎಂಜಿನಿನ ಗುಣ

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಚ್ಚುವ ಏರ್ಪಾಡಿಲ್ಲ. ಒಳಗಿನ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿನಷ್ಟಕ್ಕೆ ಅದುಮಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹತ್ತಿಕೊಳ್ಳುತ್ತದೆ. ಈ ಕಾರಣದಿಂದಲೂ ಟರ್ಬೊ ಯಂತ್ರದ ಸಹಾಯದಿಂದಲೂ ಅದು ನಿಧಾನವಾಗಿ ತಿರುಗುವಾಗಲೇ ಹೆಚ್ಚು ಎಳೆಯುವ ಬಲವನ್ನು ಕೊಡುತ್ತದೆ. ಈ ಬಲವನ್ನು ನ್ಯೂಟನ್-ಮೀಟರಿನಲ್ಲಿ ಅಳೆಯುವರು. ಮಹೀಂದ್ರ ಬೊಲೆರೊ ಕ್ಯಾಂಪರಿನ 2,523 ಸಿ.ಸಿ. ಎಂಜಿನು 200 ನ್ಯೂಟನ್-ಮೀಟರಿನದು. ಇಸುಜು ವಿ-ಕ್ರಾಸಿನ 1.9 ಲೀಟರಿನದು 360; ಭಾರತದ ಪೇಟೆಗೆ 2022ರಲ್ಲಿ ಬಂದ ಟೊಯೊಟಾ ಹೈಲಕ್ಸಿನ 2.8 ಲೀಟರಿನದು ಕೈ ಗೇರಿನಲ್ಲಿ 420, ಸ್ವಯಂಚಾಲಿತ ಗೇರಿನಲ್ಲಿ 500. ಘಾಟಿ ಹತ್ತುವವರಿಗೆ ಈ ಅಂಕಿಗಳು ಮುಖ್ಯ. ಬಯಲುಸೀಮೆಯ ಸಮದಾರಿಯಲ್ಲಿ ಸಂತೆಗೆ ಹೋಗಿಬರುವವರಿಗೆ ಕಡಮೆ ಬಲದ್ದೇ ಸಾಕಾಗುವುದು.

ಇದರೊಡನೆ ಒಂದು ಹೊಸ ಸಂಗತಿಯನ್ನು ತಿಳಿದಿರಬೇಕು. ದೇಶದಲ್ಲೆಲ್ಲ 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ತರುವಾಯ, ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಸೋಸುಕವನ್ನು ಇಡುತ್ತಾರೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಬಿಡದೆ ಸ್ವಲ್ಪ ಹೊತ್ತು ಓಡಿ ಕೊಳವೆ ಚೆನ್ನಾಗಿ ಕಾಯಬೇಕು. ಮನೆಯಿಂದ ತೋಟಕ್ಕೆ ಎರಡು ಮೈಲಿ, ತೋಟದಿಂದ ಡೇರಿಗೆ ಒಂದು ಮೈಲಿ, ಹೀಗೆ ತುಂಡು ಓಡಾಟವೇ ಆದರೆ ಸೋಸುಕ ಕಟ್ಟಿಕೊಂಡು ದುಬಾರಿ ರಿಪೇರಿಗೆ ದಾರಿಯಾಗುವುದು. ಅಂಥವರು ಡೀಸೆಲಿನ ಆಸೆಯನ್ನು ಬಿಟ್ಟು ಪೆಟ್ರೋಲಿನ ಸಣ್ಣ ಗಾಡಿಯನ್ನು ವಿಚಾರಿಸುವುದು ಲೇಸು.

ಕೆಲವು ಡೀಸೆಲ್ ಗಾಡಿಗಳಿಗೆ ಎಣ್ಣೆಯಲ್ಲದೆ ಬೇರೊಂದು ತೊಟ್ಟಿಯಲ್ಲಿ ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ ಇರುವ ದ್ರಾವಣವನ್ನು ತುಂಬಬೇಕಾಗುತ್ತದೆ. ಇದಕ್ಕೆ ಆಡ್‌ಬ್ಲೂ ಮೊದಲಾದ ಹೆಸರುಗಳುಂಟು. ಮನೆಯಲ್ಲಿ ಗೊಬ್ಬರದ ಯೂರಿಯಾ ಇರುವಾಗ ಹಣ ಕೊಡುವುದೇಕೆಂದು ಯಾರೂ ಯೋಚಿಸಕೂಡದು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿದೆ, ಬೈಯುರೆಟ್ ಮುಂತಾದ ಕಲ್ಮಷಗಳೂ ಇವೆ. ಇವು ಪಿಚಕಾರಿಯನ್ನು ಕಟ್ಟಿಸಿ, ಹೊಗೆ ಶುದ್ಧಿಮಾಡುವ ಯಂತ್ರವನ್ನೇ ಕೆಡಿಸುವುವು. ಅಲ್ಲದೆ ಸಹಾಯಧನದ ಗೊಬ್ಬರವನ್ನು ಬೇಸಾಯಕ್ಕಲ್ಲದೆ ಬೇರೆಗೆ ಬಳಸುವುದು ಅಪರಾಧ.

ಕಚ್ಚಾದಾರಿ

ನಾಲ್ಕು ಚಕ್ರಗಳ ಚಾಲನೆಯುಳ್ಳ ಗಾಡಿಯಲ್ಲಿ ಸಾಮಾನ್ಯವಾಗಿ ಮೂರು ಕ್ರಮಗಳಿರುವುವು. ಡಾಂಬರು ದಾರಿಗೆ ಹಿಂದಿನ ಎರಡು ಚಕ್ರಗಳು. ಜಾರುವ ದಾರಿಗೆ ನಾಲ್ಕು ಚಕ್ರಗಳು. ಕಡಿದಾದ ಏರು, ಆಳವಾದ ಕೆಸರುಗಳಿಗೆ ನಾಲ್ಕು ಚಕ್ರಗಳೊಡನೆ ನಿಧಾನದ ಗೇರು. ಒಣಗಿದ ಡಾಂಬರಿನ ಮೇಲೆ ನಾಲ್ಕು ಚಕ್ರಗಳನ್ನು ಕೂಡಿಸಿ ಓಡಿಸಕೂಡದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಸಾಗಬೇಕಾಗಿರುವುದರಿಂದ, ಜಾರಲು ಆಸ್ಪದವಿಲ್ಲದೆ ಯಂತ್ರದ ಮೇಲೆ ಬಿಗಿತ ಬೀಳುವುದು.

ನಾಲ್ಕು ಚಕ್ರಗಳು ಎಳೆಯಲು ಸಹಾಯಮಾಡುವುವು, ನಿಲ್ಲಿಸಲು ಸಹಾಯಮಾಡುವುದಿಲ್ಲ. ಇಳಿಜಾರಿನ ಕೆಮ್ಮಣ್ಣಿನಲ್ಲಿ ಬ್ರೇಕು ಒತ್ತಿದರೆ ಈ ಗಾಡಿಯೂ ಮಿಕ್ಕ ಗಾಡಿಗಳಂತೆಯೇ ಜಾರುವುದು. ಕೆಸರಿನಲ್ಲಿ ಮೊದಲು ಕೆಲಸ ಮಾಡುವುದು ಟೈರು. ಅದರ ಹಲ್ಲು ಸವೆದಿದ್ದರೆ ಎಂಥ ಯಂತ್ರವೂ ವ್ಯರ್ಥ. ಕರಿ ಎರೆಭೂಮಿಯ ಅಂಟುಮಣ್ಣು ಟೈರಿನ ಸಂದುಗಳನ್ನು ತುಂಬಿದ ಮೇಲೆ ನಾಲ್ಕು ಚಕ್ರಗಳೂ ಸುಮ್ಮನೆ ಸುತ್ತುವುದನ್ನು ಆ ಭಾಗದ ರೈತರು ಬಲ್ಲರು. ಅಲ್ಲಿ ಒಂದೆರಡು ದಿನ ಹೊಲ ಆರುವವರೆಗೆ ಕಾಯುವುದೇ ಉಪಾಯ.

ಹಳ್ಳ ದಾಟುವ ವಿಷಯದಲ್ಲಿ ಧೈರ್ಯಕ್ಕಿಂತ ಕೋಲು ಮೇಲು. ಹೈಲಕ್ಸಿಗೆ ತಯಾರಕರು ಹೇಳಿರುವ ನೀರಿನ ಆಳದ ಮಿತಿ 700 ಮಿಲಿಮೀಟರ್, ಎಂದರೆ ಸುಮಾರು ಎರಡು ಕಾಲು ಅಡಿ. ಅದೂ ನಿಂತ ನೀರಿನಲ್ಲಿ, ನಿಧಾನವಾಗಿ ಹೋದರೆ. ಗಾಳಿಯ ದಾರಿಯಿಂದ ಎಂಜಿನಿನೊಳಕ್ಕೆ ನೀರು ಹೊಕ್ಕರೆ, ನೀರನ್ನು ಅದುಮಲಾಗದ್ದರಿಂದ ಒಳಗಿನ ಉಕ್ಕಿನ ತೋಳುಗಳೇ ಬಗ್ಗಿಹೋಗುವುವು. ಕೆಂಪಾಗಿ ಹರಿಯುವ ಹಳ್ಳವನ್ನು ಯಾವ ಗಾಡಿಯಲ್ಲಿಯೂ ದಾಟತಕ್ಕದ್ದಲ್ಲ.

ಸಂಸಾರದ ಅನುಕೂಲ

ಪಿಕಪ್ ಗಾಡಿಯ ಹಿಂಭಾಗಕ್ಕೆ ಬಹಳ ಮಟ್ಟಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗುಗಳಿರುವುವು. ಭಾರ ಹೊರಲು ಇವು ಉತ್ತಮ. ತೊಟ್ಟಿ ಖಾಲಿಯಾಗಿದ್ದಾಗ ಕುಲುಕಾಟ ಹೆಚ್ಚು. ಹಿಂದಿನ ಆಸನದ ಬೆನ್ನು ನೆಟ್ಟಗಿರುವುದರಿಂದ ದೂರ ಪ್ರಯಾಣದಲ್ಲಿ ವೃದ್ಧರಿಗೂ ಬಸುರಿಯರಿಗೂ ಆಯಾಸ. ಹತ್ತಲು ಮೆಟ್ಟಿಲೂ ಹಿಡಿಯಲು ಹಿಡಿಕೆಯೂ ಇವೆಯೇ, ಪ್ರತಿ ಆಸನಕ್ಕೂ ಮೂರು ಕಡೆ ಬಿಗಿಯುವ ಪಟ್ಟಿಯುಂಟೇ, ಗಾಳಿಚೀಲಗಳೆಷ್ಟು ಎಂಬುದನ್ನು ನೋಡಬೇಕು. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಪರೀಕ್ಷೆಯ ನಕ್ಷತ್ರಗಳು ಪ್ರಯಾಣಿಕರ ಕಾರುಗಳಿಗೆ ಏರ್ಪಟ್ಟವು, ಸರಕು ಗಾಡಿಗಳಿಗಲ್ಲ. ಆದಕಾರಣ ಕಾರಿಗೆ ಬಂದ ನಕ್ಷತ್ರವನ್ನು ಅದೇ ಕಂಪನಿಯ ಪಿಕಪ್ಪಿಗೂ ಸೇರಿಸಿ ಎಣಿಸಕೂಡದು.

ಅಳತೆಯನ್ನೂ ಮರೆಯಬಾರದು. ಹೈಲಕ್ಸು 5.3 ಮೀಟರು, ಎಂದರೆ ಹದಿನೇಳು ಅಡಿಗೆ ಮೇಲ್ಪಟ್ಟು ಉದ್ದ. ವಿ-ಕ್ರಾಸೂ ಹೆಚ್ಚು ಕಡಮೆ ಅಷ್ಟೇ. ನನ್ನ ಪರಿಚಯದ ಜಮೀನುದಾರರೊಬ್ಬರು ಇಂಥ ಉದ್ದದ ಗಾಡಿಯನ್ನು ಪೂಜೆ ಮಾಡಿಸಿ ಊರಿಗೆ ತಂದ ದಿನ, ಅದು ಮನೆಯ ಓಣಿಯ ತಿರುವಿನಲ್ಲಿ ತಿರುಗದೆ ಹೋಯಿತು. ಕೊನೆಗೆ ತಮ್ಮದೇ ಹಿತ್ತಿಲ ಗೋಡೆಯನ್ನು ಕೆಡವಿಸಬೇಕಾಯಿತು. ಹಗ್ಗ ಹಿಡಿದು ಓಣಿಯನ್ನೂ ಕೊಟ್ಟಿಗೆಯನ್ನೂ ತೋಟದ ದಿಡ್ಡಿಯನ್ನೂ ಅಳೆಯುವುದಕ್ಕೆ ಅರ್ಧ ಗಂಟೆ ಸಾಕಾಗಿತ್ತು.

ಕಾಗದಪತ್ರ

ಗಾಡಿ ಸ್ವಂತದ ಕಾರಾಗಿ ನೋಂದಾಯಿಸಲ್ಪಡುವುದೇ, ಸರಕು ಗಾಡಿಯಾಗಿಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ತಿಳಿಯತಕ್ಕದ್ದು. ಮೊದಲನೆಯದಕ್ಕೆ ಬಿಳಿಯ ಫಲಕ, ಬಾಡಿಗೆಯ ಸಾಗಾಣಿಕೆಯದಕ್ಕೆ ಹಳದಿ ಫಲಕ. ತೆರಿಗೆ, ವಿಮೆ, ಯೋಗ್ಯತಾ ಪತ್ರಗಳ ಕ್ರಮವು ಇದನ್ನೇ ಅನುಸರಿಸುವುದು. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಕಾಗಿಲ್ಲ. ಹಗುರ ಮೋಟಾರು ಗಾಡಿಯ ಲೈಸೆನ್ಸು ಉಳ್ಳವರು 7,500 ಕಿಲೋಗ್ರಾಮಿನವರೆಗಿನ ಸಾರಿಗೆ ಗಾಡಿಯನ್ನು ನಡೆಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.

ಪರೀಕ್ಷಿಸುವ ಕ್ರಮ

ಒಂದು ಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆದು, ಎಷ್ಟು ಮಂದಿ, ಎಷ್ಟು ಭಾರ, ಎಂಥ ದಾರಿ ಎಂಬುದನ್ನು ಪ್ರತಿ ಓಡಾಟಕ್ಕೂ ಬರೆದಿಡಿ. ಒಂದು ಮುಂಗಾರು, ಒಂದು ಸುಗ್ಗಿ ಕಳೆಯುವಷ್ಟರಲ್ಲಿ ನಿಮ್ಮ ನಿಜವಾದ ಅವಶ್ಯಕತೆ ಆ ಪುಸ್ತಕದಲ್ಲಿಯೇ ಕಾಣುವುದು. ಭಾರವೇ ಹೆಚ್ಚಾಗಿದ್ದರೆ ಒಂಟಿ ಕ್ಯಾಬಿನ್ನಿನ ಸಾದಾ ಪಿಕಪ್ಪು; ಜನವೇ ಹೆಚ್ಚಾಗಿದ್ದರೆ ಕಾರು, ಸರಕಿಗೆ ಬಾಡಿಗೆ ಗಾಡಿ; ಸಾಧಾರಣ ಭಾರ, ನಾಲ್ಕೈದು ಮಂದಿ, ಕೆಟ್ಟ ದಾರಿ ಮೂರೂ ವಾರದಲ್ಲಿ ಹಲವು ದಿನ ಒಟ್ಟಾಗಿ ಬರುತ್ತಿದ್ದರೆ ಮಾತ್ರ ಜೋಡಿ ಕ್ಯಾಬಿನ್ನಿನ ನಾಲ್ಕು ಚಕ್ರದ ಡೀಸೆಲ್ ಗಾಡಿ. ಮಲೆನಾಡಿನ ಒಳಗಿನ ಕಾಫಿ, ಅಡಿಕೆ ತೋಟಗಳವರಿಗೆ ಇದು ಒಪ್ಪುವುದುಂಟು. ವರ್ಷಕ್ಕೆ ನಾಲ್ಕು ದಿನದ ಕೆಸರಿಗಾಗಿ ಲಕ್ಷಾಂತರ ಹೆಚ್ಚು ಕೊಡುವುದು ವಿವೇಕವಲ್ಲ. ಆ ನಾಲ್ಕು ದಿನ ನೆರೆಯವರ ಟ್ರಾಕ್ಟರು ಎಳೆದುಕೊಡುವುದು.

ಓಡಿಸಿ ನೋಡುವ ದಿನ ಒಬ್ಬರೇ ಹೋಗಬೇಡಿರಿ. ಮನೆಯ ಹಿರಿಯರನ್ನು ಹಿಂದಿನ ಆಸನದಲ್ಲಿ ಕೂರಿಸಿ. ಮಾರುವವರು ಒಪ್ಪಿದರೆ ಮಿತಿಯೊಳಗಿನ ಭಾರವನ್ನು ಹಿಂದಿನ ಅಚ್ಚಿಗಿಂತ ಮುಂದಕ್ಕೆ ಬರುವಂತೆ ಹೇರಿ, ಖಾಲಿಯಾಗಿಯೂ ಒಮ್ಮೆ ಓಡಿಸಿ. ಹಳೆಯ ಗಾಡಿಯಾದರೆ ಎಂಜಿನು ತಣ್ಣಗಿರುವಾಗಲೇ ಹಚ್ಚಿಸಿ ಹೊಗೆ ನೋಡಿ. ನೀಲಿ ಹೊಗೆ ಎಂಜಿನಾಯಿಲು ಉರಿಯುವ ಗುರುತು. ಬಿಡದ ಕರಿಹೊಗೆ ಗಾಳಿ ಎಣ್ಣೆಗಳ ಹದ ತಪ್ಪಿದ ಗುರುತು. ಆಸನಗಳ ಕೆಳಗೆ ಒಣಗಿದ ಕೆಸರಿನ ಗೆರೆ ಕಂಡರೆ ಆ ಗಾಡಿ ನೀರಿನಲ್ಲಿ ಮುಳುಗಿದ್ದಿರಬಹುದು.

ಇಷ್ಟನ್ನೂ ನೋಡಿದ ಮೇಲೆ ಗಾಡಿ ಕೊಂಡವರು ಹಿಂದಿನ ಬಾಗಿಲಿನ ಮೇಲೆ, ಹೊರಬಹುದಾದ ಕಿಲೋಗ್ರಾಂಗಳನ್ನು ದೊಡ್ಡ ಅಂಕಿಯಲ್ಲಿ ಬರೆಯಿಸಬೇಕೆಂದು ನನ್ನ ಸಲಹೆ. ಚಾಲಕನು ಮರೆತರೂ ಹೇರುವ ಆಳು ಅದನ್ನು ಓದಿಯಾನು. ಗ್ರಾಮದ ಮುಖಂಡರು ಇಂಥ ಕಡೆ ಮೊದಲು ತಮ್ಮ ಗಾಡಿಯಿಂದಲೇ ಆರಂಭಿಸಿದರೆ, ತೊಟ್ಟಿಯಲ್ಲಿ ಮನುಷ್ಯರನ್ನು ಹೇರುವ ಪದ್ಧತಿಯನ್ನು ಊರಿನಿಂದ ಬಿಡಿಸುವುದು ಕಷ್ಟವಾಗಲಾರದು.