ಮೊದಲ ಸಲ ಕ್ರೋಷಾ ಕಡ್ಡಿ ಹಿಡಿಯುವವರಿಗೆ ಒಂದು ಸ್ಕಾರ್ಫ್

ದೀಪಾವಳಿ ಕಳೆಯಿತೆಂದರೆ ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಟ್ರಂಕುಗಳು ತೆರೆದುಕೊಳ್ಳುತ್ತವೆ. ರಜಾಯಿಗಳು ಬಿಸಿಲು ಕಾಯುತ್ತವೆ; ಸ್ವೆಟರು, ಶಾಲು, ಮಫ್ಲರುಗಳು ಹೊರಬರುತ್ತವೆ. ಊರಿನಿಂದ ಬಂದ ಹೊಸತರಲ್ಲಿ ಇಲ್ಲಿಯ ಚಳಿಗೆ ಕಂಗೆಟ್ಟವರೇ ನಾವೆಲ್ಲರೂ. ಇಂದು ಅಂಗಡಿಗಳಲ್ಲಿ ಬಗೆಬಗೆಯ ಸ್ಕಾರ್ಫುಗಳು ದೊರೆಯುತ್ತವೆ ನಿಜ. ಆದರೆ ಒಂದು ಕಡ್ಡಿ, ಎರಡು ಉಂಡೆ ಉಣ್ಣೆಯ ದಾರವಿದ್ದರೆ ಸ್ಕಾರ್ಫನ್ನು ಮನೆಯಲ್ಲಿಯೇ ಹೆಣೆದುಕೊಳ್ಳಬಹುದು. ಆ ವಿಧಾನವನ್ನು, ನಾವು ಕಲಿತ ಕ್ರಮದಲ್ಲಿಯೇ, ಇಲ್ಲಿ ವಿವರಿಸಿದ್ದೇವೆ.

ಕ್ರೋಷಾ ಹೆಣಿಗೆ ನಮ್ಮ ಮನೆಗಳಿಗೆ ಹೊಸತಲ್ಲ. ಬಾಗಿಲ ತೋರಣ, ರೇಡಿಯೋದ ಮೇಲಿನ ಹೊದಿಕೆ, ತೊಟ್ಟಿಲ ಕೂಸಿನ ಕುಲಾವಿ ಇವೆಲ್ಲ ನಮ್ಮ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳ ಕೈಯಲ್ಲಿ ಮೂಡಿದವು. ‘ಕ್ರೋಷೆ’ ಎಂದರೆ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ಕೊಕ್ಕೆ ಎಂದರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಆಂಧ್ರದ ನರಸಾಪುರದಲ್ಲಿ ಬೇರೂರಿದ ಈ ಕಲೆ ಗೋದಾವರಿ ತೀರದ ಅನೇಕ ಮಹಿಳೆಯರಿಗೆ ಇಂದಿಗೂ ಜೀವನೋಪಾಯವಾಗಿದೆ. ಅಲ್ಲಿಯ ಕ್ರೋಷಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಹತ್ತಾರು ಕುಣಿಕೆಗಳು ಒಮ್ಮೆಗೇ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳತೊಡಗುತ್ತವೆ. ಕ್ರೋಷಾದಲ್ಲಾದರೋ ಪ್ರತಿ ಹೆಣಿಗೆ ಮುಗಿದಾಗಲೂ ಕಡ್ಡಿಯಲ್ಲಿ ಉಳಿಯುವುದು ಒಂದೇ ಕುಣಿಕೆ. ತಪ್ಪಾದ ಸ್ಥಳದವರೆಗೆ ಬಿಚ್ಚಿ, ಅಲ್ಲಿಂದಲೇ ಮತ್ತೆ ಮುಂದುವರಿಯಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಬೇಕಾಗುವ ಸಾಮಗ್ರಿ

ಮಧ್ಯಮ ದಪ್ಪದ ಉಣ್ಣೆ ಅಥವಾ ಅಕ್ರಿಲಿಕ್ ದಾರ 200 ಗ್ರಾಂ, 5 ಮಿ.ಮೀ. ಅಳತೆಯ ಕ್ರೋಷಾ ಕಡ್ಡಿ, ಕತ್ತರಿ, ದೊಡ್ಡ ಕಣ್ಣಿನ ಮೊಂಡು ಸೂಜಿ ಮತ್ತು ಒಂದು ಸೇಫ್ಟಿ ಪಿನ್ನು. ದಾರದ ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿ ದಾರಗಳಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದಿಲ್ಲ. ಜುಂಗು ಎದ್ದಿರುವ ದಾರವೂ ಮೊದಲ ಪ್ರಯತ್ನಕ್ಕೆ ತಕ್ಕುದಲ್ಲ. ಎಲ್ಲ ಉಂಡೆಗಳನ್ನು ಒಮ್ಮೆಗೇ ಕೊಳ್ಳುವುದು ಲೇಸು. ಮತ್ತೊಮ್ಮೆ ಹೋದಾಗ ಅದೇ ಬಣ್ಣ ದೊರೆತರೂ ಛಾಯೆ ಬೇರೆಯಾಗಿರಬಹುದು.

ಸರಪಳಿ

ದಾರದ ತುದಿಯಲ್ಲಿ ಒಂದು ಜಾರುಗಂಟು ಹಾಕಿ ಕಡ್ಡಿಗೆ ಏರಿಸಿರಿ. ಎಡಗೈ ಬೆರಳುಗಳ ಮೇಲಿಂದ ಬರುವ ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಕೊಕ್ಕೆಯಿಂದ ಹಿಡಿದು ಕುಣಿಕೆಯ ಒಳಗಿನಿಂದ ಎಳೆಯಿರಿ. ಇದು ಒಂದು ಸರಪಳಿ. ಹೀಗೆ 22 ಸರಪಳಿ ಮಾಡಿಕೊಳ್ಳಿರಿ. ಕಡ್ಡಿಯ ಮೇಲಿರುವ ಕುಣಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಹೊಸಬರು ದಾರವನ್ನು ಬಿಗಿಯಾಗಿ ಎಳೆಯುವುದುಂಟು. ಆಗ ಮೊದಲ ಸಾಲಿಗೆ ಕಡ್ಡಿ ಒಳಸೇರುವುದೇ ಇಲ್ಲ. ಕುಣಿಕೆಯೊಳಗೆ ಕಡ್ಡಿ ಸಲೀಸಾಗಿ ಸರಿದಾಡುವಷ್ಟು ಸಡಿಲವಿರಲಿ.

ಕಂಬ

ನಮ್ಮ ಮನೆಯಲ್ಲಿ ‘ಕಂಬ’ವೆಂದು ಕರೆಯುವ ಹೆಣಿಗೆಯೊಂದೇ ಈ ಸ್ಕಾರ್ಫಿಗೆ ಸಾಕು. ಇದನ್ನೇ ಅಮೆರಿಕದ ಪುಸ್ತಕಗಳು ‘ಡಬಲ್’ ಎಂದೂ, ಬ್ರಿಟನ್ನಿನ ಪುಸ್ತಕಗಳು ‘ಟ್ರೆಬಲ್’ ಎಂದೂ ಹೇಳುತ್ತವೆ. ಪುಸ್ತಕ ಅಥವಾ ವಿಡಿಯೋ ನೋಡಿ ಕಲಿಯುವವರು ಮೊದಲು ಅದು ಯಾವ ದೇಶದ ಪದ್ಧತಿಯೆಂದು ತಿಳಿದುಕೊಳ್ಳಬೇಕು.

ಕಡ್ಡಿಗೆ ಒಮ್ಮೆ ದಾರ ಸುತ್ತಿ, ಕೊಕ್ಕೆಯ ಕಡೆಯಿಂದ ನಾಲ್ಕನೆಯ ಸರಪಳಿಯೊಳಗೆ ತೂರಿಸಿರಿ. ದಾರ ಹಿಡಿದು ಹೊರಗೆಳೆದಾಗ ಕಡ್ಡಿಯಲ್ಲಿ ಮೂರು ಕುಣಿಕೆಗಳಿರುತ್ತವೆ. ಮತ್ತೆ ದಾರ ಸುತ್ತಿ ಎರಡು ಕುಣಿಕೆಗಳಿಂದ ಎಳೆಯಿರಿ, ಎರಡು ಉಳಿಯುತ್ತವೆ. ಇನ್ನೊಮ್ಮೆ ಸುತ್ತಿ ಆ ಎರಡರಿಂದಲೂ ಎಳೆಯಿರಿ, ಒಂದು ಉಳಿಯುತ್ತದೆ. ಒಂದು ಕಂಬ ಮುಗಿಯಿತು. ಉಳಿದ ಪ್ರತಿ ಸರಪಳಿಗೂ ಒಂದೊಂದು ಕಂಬ. ಆರಂಭದಲ್ಲಿ ಬಿಟ್ಟ ಮೂರು ಸರಪಳಿಗಳೂ ಒಂದು ಕಂಬಕ್ಕೆ ಸಮ. ಒಟ್ಟು 20 ಕಂಬಗಳು. ಅಗಲ ಸುಮಾರು 15 ಸೆಂ.ಮೀ.

ಸಾಲು ತಿರುಗಿಸುವಾಗ

ಮೂರು ಸರಪಳಿ ಮಾಡಿ ಹೆಣಿಗೆಯನ್ನು ತಿರುಗಿಸಿಕೊಳ್ಳಿರಿ. ಈ ಮೂರು ಸರಪಳಿಯೇ ಹೊಸ ಸಾಲಿನ ಮೊದಲ ಕಂಬ. ಆದುದರಿಂದ ಅದರ ಬುಡದಲ್ಲಿರುವ ಕಂಬವನ್ನು ಬಿಟ್ಟು, ಎರಡನೆಯ ಕಂಬದ ತಲೆಯಿಂದ ಆರಂಭಿಸಬೇಕು. ಸಾಲಿನ ಕೊನೆಯ ಕಂಬವನ್ನು ಹಿಂದಿನ ಸಾಲಿನ ಮೂರು ಸರಪಳಿಯ ತುದಿಯಲ್ಲಿ ಹಾಕಬೇಕು.

ಬಹುತೇಕ ಎಲ್ಲರೂ ಎಡವುವುದು ಇಲ್ಲಿಯೇ. ಸರಪಳಿಯ ತುದಿ ಕಂಬದಂತೆ ಎದ್ದು ಕಾಣುವುದಿಲ್ಲ. ಅದನ್ನು ಬಿಟ್ಟರೆ ಸಾಲಿಗೊಂದು ಕಂಬ ಕಡಿಮೆಯಾಗುತ್ತದೆ. ಮೊದಲನೆಯದನ್ನು ಬಿಡದೆ ಹಾಕಿದರೆ ಒಂದು ಹೆಚ್ಚುತ್ತದೆ.

ನಮಗೂ ಆದದ್ದು ಅದೇ. ಕಲಿಸಿದವರು ಧಾರವಾಡದಿಂದ ಬಂದು ನಮ್ಮೊಡನಿದ್ದ ಅತ್ತೆಯವರು. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವರ ದೃಷ್ಟಿ ದಿನೇದಿನೇ ಕುಂದುತ್ತಿತ್ತು. ಅವರಿಗೆ ಗೊತ್ತಿದ್ದುದನ್ನು ಯಾರೂ ಬರೆದಿಟ್ಟಿರಲಿಲ್ಲ. ಮನೆಯಲ್ಲಿ ಯಾರೂ ಕಲಿತಿರಲೂ ಇಲ್ಲ. ಹೆಣ್ಣುಮಕ್ಕಳ ಕೆಲಸವೆಂಬ ಸಂಕೋಚವನ್ನು ಬದಿಗಿಟ್ಟು, ಬ್ಯಾಂಕಿನಿಂದ ಬಂದ ಮೇಲೆ ದಿನವೂ ಅರ್ಧ ತಾಸು ನಾವೇ ಅವರ ಪಕ್ಕದಲ್ಲಿ ಕುಳಿತೆವು. ಎರಡು ವಾರಕ್ಕೆ ಒಂದು ಮೊಳ ಆಯಿತೆಂದು ಹಿಗ್ಗಿ ಅವರ ಕೈಗಿತ್ತೆವು. ಅವರು ಅಂಚನ್ನು ಬೆರಳಿನಿಂದ ಸವರುತ್ತ ಹೋಗಿ, “ಬ್ಯಾಂಕಿನ್ಯಾಗ ರೊಕ್ಕ ಎಣಸ್ತೀರಿ, ಇಲ್ಲೆ ಕಂಬ ಎಣಸಲಿಲ್ಲೇನ್ರಿ?” ಎಂದರು. ಎಣಿಸಿದರೆ 20 ಇದ್ದದ್ದು 13ಕ್ಕೆ ಇಳಿದಿತ್ತು. ನಾವು ಕಣ್ಣಾರೆ ನೋಡುತ್ತಿದ್ದರೂ ಕಾಣದಿದ್ದುದು ಅವರ ಬೆರಳಿಗೆ ತಿಳಿದಿತ್ತು. ಎಲ್ಲವನ್ನೂ ಬಿಚ್ಚಿಸಿ, ದಾರವನ್ನು ತಾವೇ ಉಂಡೆ ಸುತ್ತಿ ಕೊಟ್ಟರು.

ದಿನದ ಕೊನೆಗೆ ನಗದು ತಾಳೆಯಾಗದೆ ಕ್ಯಾಷಿಯರು ಮನೆಗೆ ಹೋಗುವಂತಿಲ್ಲ. ಸ್ಕಾರ್ಫಿಗೂ ಅದೇ ನಿಯಮ. ಪ್ರತಿ ಸಾಲಿನ ಕೊನೆಗೆ ಇಪ್ಪತ್ತನ್ನು ಎಣಿಸದೆ ತಿರುಗಿಸಬೇಡಿರಿ. ಮೂರು ಸರಪಳಿ ಮಾಡಿದೊಡನೆ ಅದರ ತುದಿಗೆ ಸೇಫ್ಟಿ ಪಿನ್ನು ಸಿಕ್ಕಿಸಿದರೆ, ಮರಳಿ ಬಂದಾಗ ಕೊನೆಯ ಕಂಬದ ಜಾಗ ತಾನೇ ಕಾಣುತ್ತದೆ. ಐದಾರು ಸಾಲುಗಳ ತರುವಾಯ ಪಿನ್ನು ಬೇಕೆನಿಸುವುದಿಲ್ಲ; ಎಣಿಕೆ ಮಾತ್ರ ಕೊನೆಯವರೆಗೂ ಬೇಕು.

ಮುಕ್ತಾಯ

ಸುಮಾರು ನೂರು ಸಾಲುಗಳಾಗುವ ಹೊತ್ತಿಗೆ ಒಂದೂವರೆ ಮೀಟರ್ ಉದ್ದ ಬರುತ್ತದೆ. ನಡುವೆ ಉಂಡೆ ಮುಗಿದರೆ, ಕಂಬವೊಂದರ ಕೊನೆಯ ಎಳೆತಕ್ಕೆ ಹೊಸ ದಾರವನ್ನು ಬಳಸಿ, ಎರಡೂ ತುದಿಗಳನ್ನು 15 ಸೆಂ.ಮೀ. ಉಳಿಸಿರಿ. ಕೊನೆಯಲ್ಲಿ ದಾರ ಕತ್ತರಿಸಿ, ತುದಿಯನ್ನು ಕಡೆಯ ಕುಣಿಕೆಯೊಳಗಿನಿಂದ ಪೂರ್ತಿ ಎಳೆದು ಬಿಗಿಯಿರಿ. ಎಲ್ಲ ತುದಿಗಳನ್ನೂ ಸೂಜಿಯಿಂದ ಹೆಣಿಗೆಯೊಳಗೆ ಹಿಂದಕ್ಕೂ ಮುಂದಕ್ಕೂ ಸೇರಿಸಿರಿ. ಬರಿಯ ಗಂಟು ನಿಲ್ಲುವುದಿಲ್ಲ. ಉಣ್ಣೆಯದಾದರೆ ತಣ್ಣೀರಿನಲ್ಲಿ ಮೃದುವಾದ ಸೋಪಿನಿಂದ ತೊಳೆದು, ಹಿಂಡದೆ, ಟವೆಲಿನ ಮೇಲೆ ಹರಡಿ ಒಣಗಿಸಬೇಕು. ಹಗ್ಗಕ್ಕೆ ನೇತುಹಾಕಿದರೆ ಜೋತುಬೀಳುತ್ತದೆ.

ನಮ್ಮ ಮೊದಲ ಸ್ಕಾರ್ಫು ಸಂಕ್ರಾಂತಿಯ ವೇಳೆಗೆ ಮುಗಿಯಿತು. ಅತ್ತೆಯವರು ಎರಡೂ ಅಂಚುಗಳನ್ನು ಮತ್ತೆ ಬೆರಳಿನಿಂದ ಸವರಿ, ಏನೂ ಹೇಳದೆ ಕೊರಳಿಗೆ ಸುತ್ತಿಕೊಂಡರು. ಮೂರು ಚಳಿಗಾಲ ಅದನ್ನೇ ಹೊದ್ದರು. ಈಗ ಅವರಿಲ್ಲ. ಅವರ ಉಕ್ಕಿನ ಕಡ್ಡಿ ನಮ್ಮಲ್ಲಿದೆ. ಈ ವರ್ಷ ಅದನ್ನು ಮಗಳು ಕೇಳಿ ಪಡೆದಿದ್ದಾಳೆ. ನಿಮ್ಮ ಮನೆಯಲ್ಲಿಯೂ ಇಂಥ ಹಿರಿಯರಿದ್ದರೆ ಈ ಚಳಿಗಾಲದಲ್ಲಿಯೇ ಅವರ ಪಕ್ಕದಲ್ಲಿ ಕುಳಿತು ಕಲಿಯಿರಿ. ಈ ಲೇಖನಕ್ಕಿಂತ ಅವರ ಬೆರಳುಗಳೇ ಚೆನ್ನಾಗಿ ತಿದ್ದುತ್ತವೆ.