ಚಿನ್ನುವಿನ ತಟ್ಟೆಗೆ ರಾಗಿ ಬೇಕೇ, ಬೇಡವೇ?

ನಮ್ಮನೆ ಚಿನ್ನು ಗೋಲ್ಡನ್ ರಿಟ್ರೀವರ್. ವಯಸ್ಸು ಮೂರು, ತೂಕ 29 ಕಿಲೋ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ತುರಿಕೆ ಶುರುವಾಯಿತು. ರಾತ್ರಿಯೆಲ್ಲ ಮುಂಗಾಲಿನ ಬೆರಳ ಸಂದಿ ನೆಕ್ಕುವುದು, ಕಿವಿ ಕೆರೆದುಕೊಳ್ಳುವುದು, ಹೊಟ್ಟೆಯನ್ನು ನೆಲಕ್ಕೆ ಉಜ್ಜುವುದು. ಆರನೇ ತರಗತಿಯ ನನ್ನ ಮಗಳು ಸಿರಿ ಆ ಸದ್ದಿಗೆ ಎಚ್ಚರವಾಗಿ, ಅವಳ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದಳು.

ನಾಯಿಯ ಆಹಾರ ಮಾರುವ ಅಂಗಡಿಗೆ ಹೋದಾಗ ಅಲ್ಲಿನ ಹುಡುಗ ನಾಯಿಯನ್ನು ನೋಡದೆಯೇ ಕಾರಣ ಹೇಳಿಬಿಟ್ಟ. "ಧಾನ್ಯದ ಅಲರ್ಜಿ ಮೇಡಂ. ನಾಯಿ ತೋಳದ ಜಾತಿ ಅಲ್ವಾ, ತೋಳ ಎಲ್ಲಾದ್ರೂ ಗೋಧಿ ತಿನ್ನುತ್ತಾ? ಗ್ರೇನ್ ಫ್ರೀ ಕೊಡಿ, ಸರಿ ಹೋಗುತ್ತೆ." ಮಾತು ಸರಿಯೆನಿಸಿತು. ಹಳೆಯ ಚೀಲದ ಎರಡರಷ್ಟು ಬೆಲೆಯ ಚೀಲ ಹೊತ್ತು ತಂದೆ. ಸಂಜೆ ಅಜ್ಜಿ (ನಮ್ಮತ್ತೆ, ಮದ್ದೂರಿನ ಕಡೆಯವರು) ಚಿನ್ನುವಿಗೆ ಹಾಕುತ್ತಿದ್ದ ತುತ್ತು ಮುದ್ದೆಯೂ ನಿಂತಿತು. ಅಜ್ಜಿಗೆ ಅದು ಅವಮಾನವೇ ಆಯಿತು. "ನಮ್ಮೂರಲ್ಲಿ ಕರಿಯ ಹದಿನಾಲ್ಕು ವರ್ಷ ಮುದ್ದೆ ತಿಂದೇ ಬದುಕಿದ್ದ ಕಣಮ್ಮ. ಒಂದು ದಿನ ಕೆರಕೊಂಡಿದ್ದು ಕಾಣೆ" ಎಂದು ಒಳಗೆ ಹೋದರು.

ಐದು ತಿಂಗಳು ಕಳೆಯಿತು. ತುರಿಕೆ ಹಾಗೇ ಇತ್ತು.

ಕೊನೆಗೆ ಪಶುವೈದ್ಯರ ಬಳಿ ಹೋದಾಗ ಅವರು ಹೇಳಿದ ಮೊದಲ ಮಾತು, "ಆಹಾರದ ಚೀಲ ತಂದಿದ್ದೀರಾ?" ಮನೆಗೆ ಓಡಿ ತಂದೆವು. ಅವರು ಹಿಂಬದಿಯ ಪಟ್ಟಿಯನ್ನು ಸಿರಿಯ ಕೈಯಲ್ಲೇ ಓದಿಸಿದರು. ಕೋಳಿ, ಬಟಾಣಿ, ಮಸೂರ, ಬಟಾಣಿ ಪ್ರೋಟೀನ್, ಆಲೂಗಡ್ಡೆ, ಕೋಳಿ ಕೊಬ್ಬು… "ಗೋಧಿ ತೆಗೆದಿದ್ದಾರೆ, ಸರಿ. ಕೋಳಿ ಎಲ್ಲಿ ಹೋಯಿತು ಪುಟ್ಟಾ?" ಎಂದು ಕೇಳಿದರು. ಹಳೆಯ ಚೀಲದಲ್ಲಿದ್ದದ್ದೂ ಕೋಳಿಯೇ.

ನಾಯಿಗಳಲ್ಲಿ ಆಹಾರದ ಅಲರ್ಜಿ ಇರುವುದು ನಿಜ. ಆದರೆ ಕಾರಣ ಹೆಚ್ಚಾಗಿ ಪ್ರಾಣಿಜನ್ಯ ಪ್ರೋಟೀನು. 2016ರಲ್ಲಿ ಪಶುವೈದ್ಯ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಆಹಾರದಿಂದ ಚರ್ಮದ ಅಲರ್ಜಿ ಬಂದ ನಾಯಿಗಳಲ್ಲಿ ಶೇ 34ಕ್ಕೆ ದನದ ಮಾಂಸ, ಶೇ 17ಕ್ಕೆ ಹಾಲಿನ ಪದಾರ್ಥ, ಶೇ 15ಕ್ಕೆ ಕೋಳಿ ಆಗುತ್ತಿರಲಿಲ್ಲ. ಗೋಧಿ ಬಂದದ್ದು ನಾಲ್ಕನೆಯದಾಗಿ, ಶೇ 13. ಅಕ್ಕಿ, ಜೋಳ ಇನ್ನೂ ಕೆಳಗೆ. ಇಷ್ಟಕ್ಕೂ ತುರಿಸಿಕೊಳ್ಳುವ ನಾಯಿಗಳಲ್ಲಿ ಬಹಳಷ್ಟಕ್ಕೆ ಆಹಾರ ಕಾರಣವೇ ಅಲ್ಲ. ಚಿಗಟ, ಉಣ್ಣೆ, ದೂಳು ಇವೇ ಕಾರಣ. ಹಾಗಾಗಿ ವೈದ್ಯರು ಮೊದಲು ಅವುಗಳಿಗೆ ಔಷಧ ಕೊಟ್ಟು, ಚರ್ಮ ಕೆರೆದು ಪರೀಕ್ಷಿಸಿದರು.

ಆಮೇಲೆ ಸ್ವಲ್ಪ ತಡೆದು, "ಹೃದಯದ್ದೂ ಒಂದು ಸ್ಕ್ಯಾನ್ ಮಾಡಿಸಿಬಿಡಿ" ಎಂದರು. ನನ್ನ ಎದೆ ಧಸಕ್ಕೆಂದಿತು. ತುರಿಕೆಗೂ ಹೃದಯಕ್ಕೂ ಏನು ಸಂಬಂಧ?

ಬಟಾಣಿ ಮತ್ತು ಹೃದಯ

2018ರ ಜುಲೈಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಒಂದು ಎಚ್ಚರಿಕೆ ಹೊರಡಿಸಿತು. ಡೈಲೇಟೆಡ್ ಕಾರ್ಡಿಯೋಮಯೋಪತಿ ಎಂಬ ಕಾಯಿಲೆಯಲ್ಲಿ ಹೃದಯದ ಸ್ನಾಯು ಸೊರಗಿ, ಹೃದಯ ಬಲೂನಿನಂತೆ ಹಿಗ್ಗಿ, ರಕ್ತ ದೂಡುವ ಶಕ್ತಿ ಕುಂದುತ್ತದೆ. ಡಾಬರ್‌ಮನ್, ಗ್ರೇಟ್ ಡೇನ್‌ನಂಥ ತಳಿಗಳಿಗೆ ಇದು ವಂಶದಿಂದ ಬರುವುದುಂಟು. ಆದರೆ ಸಾಮಾನ್ಯವಾಗಿ ಈ ಕಾಯಿಲೆ ಬಾರದ ತಳಿಗಳಿಂದಲೂ ದೂರು ಬರತೊಡಗಿತ್ತು. 2014ರಿಂದ 2019ರ ಏಪ್ರಿಲ್‌ವರೆಗೆ ಬಂದ 524 ವರದಿಗಳಲ್ಲಿ ಹೆಸರಿಸಿದ ಆಹಾರಗಳ ಪೈಕಿ ಶೇ 90ಕ್ಕೂ ಹೆಚ್ಚು ಧಾನ್ಯರಹಿತ. ಶೇ 93ರಲ್ಲಿ ಬಟಾಣಿ ಅಥವಾ ಮಸೂರದಂಥ ಬೇಳೆ ಇತ್ತು. ಹೆಚ್ಚು ವರದಿಯಾದ ತಳಿ ಗೋಲ್ಡನ್ ರಿಟ್ರೀವರ್.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ನಾನೂ ಅಂಗಡಿ ಹುಡುಗನಂತೆಯೇ ಆದೇನು. ವರದಿ ಬಂದ ಮಾತ್ರಕ್ಕೆ ಕಾರಣ ಸಿದ್ಧವಾದಂತಲ್ಲ. ಧಾನ್ಯವಿಲ್ಲದ್ದೇ ತೊಂದರೆಯೋ, ಅದರ ಜಾಗದಲ್ಲಿ ಸುರಿದ ಬೇಳೆಯ ಪ್ರಮಾಣವೋ, ಟಾರಿನ್ ಎಂಬ ಅಂಶದ ಕೊರತೆಯೋ, ಇನ್ನೇನೋ ಎಂಬುದು ತೀರ್ಮಾನವಾಗಿಲ್ಲ. 2022ರ ಡಿಸೆಂಬರ್‌ನಲ್ಲಿ ಎಫ್‌ಡಿಎ, ಹೊಸ ವೈಜ್ಞಾನಿಕ ಮಾಹಿತಿ ಸಿಗುವವರೆಗೆ ಇನ್ನು ಇದರ ಬಗ್ಗೆ ಪ್ರಕಟಣೆ ಕೊಡುವುದಿಲ್ಲ ಎಂದಿತು. ಕಾಯಿಲೆ ಬಿದ್ದ ಕೆಲವು ನಾಯಿಗಳು ಆಹಾರ ಬದಲಿಸಿ, ಔಷಧ ಕೊಟ್ಟ ಮೇಲೆ ಚೇತರಿಸಿಕೊಂಡದ್ದೂ ದಾಖಲಾಗಿದೆ. ಹೀಗಿರುವಾಗ ಕಾರಣವಿಲ್ಲದೆ ಧಾನ್ಯ ಬಿಡಿಸುವುದೇಕೆ ಎಂಬುದು ನಮ್ಮ ವೈದ್ಯರ ವಾದ.

ಸ್ಕ್ಯಾನ್ ದಿನ ಚಿನ್ನುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಸಿರಿ ತಲೆ ಹಿಡಿದುಕೊಂಡಳು. ತೆರೆಯ ಮೇಲೆ ಕಪ್ಪುಬಿಳುಪು ಹೃದಯ ಮಿಡಿಯುತ್ತಿತ್ತು. ವೈದ್ಯರು ಅಳತೆ ಹಾಕುತ್ತ ಹೋದರು, ಏನೂ ಮಾತಾಡಲಿಲ್ಲ. ಹದಿನೈದು ನಿಮಿಷವಿರಬಹುದು, ನನಗೆ ಒಂದು ಮಧ್ಯಾಹ್ನ ಕಳೆದಂತಾಯಿತು. "ಚೆನ್ನಾಗಿದೆ" ಎಂದಾಗ ಸಿರಿ ಅತ್ತುಬಿಟ್ಟಳು.

ತೋಳ ತಿನ್ನದ್ದನ್ನು ನಾಯಿ ತಿನ್ನಬಹುದೇ?

ಅಂಗಡಿ ಹುಡುಗನ ತೋಳದ ಮಾತು ಮಾತ್ರ ನನ್ನ ತಲೆಯಲ್ಲೇ ಕೂತಿತ್ತು. ಅದಕ್ಕೆ ಉತ್ತರ ಸ್ವೀಡನ್ನಿನಿಂದ ಸಿಕ್ಕಿತು. ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವನ್ನು ತಯಾರಿಸುವ ಒಂದು ಜೀನ್ ಇದೆ. ತೋಳದಲ್ಲಿ ಅದರ ಪ್ರತಿಗಳು ಎರಡೇ. ನಾಯಿಗಳಲ್ಲಿ 4ರಿಂದ 30. ಮನುಷ್ಯ ಬೇಸಾಯ ಕಲಿತು, ಕಾಳು ಬೇಯಿಸಿ ಉಳಿದದ್ದನ್ನು ಅಂಗಳಕ್ಕೆ ಎಸೆಯುತ್ತ ಬಂದ ಸಾವಿರಾರು ವರ್ಷಗಳಲ್ಲಿ ನಾಯಿಯ ಹೊಟ್ಟೆಯೂ ನಮ್ಮ ಜೊತೆ ಬದಲಾಯಿತು. ಎಲ್ಲ ನಾಯಿಗಳೂ ಸಮಾನವಲ್ಲ. ಹಿಮನಾಡಿನ ಹಸ್ಕಿಯಲ್ಲಿ ಪ್ರತಿಗಳು ಕಡಿಮೆ, ಆಸ್ಟ್ರೇಲಿಯಾದ ಡಿಂಗೊದಲ್ಲಿ ತೋಳದಷ್ಟೇ. ಬೇಸಾಯವಿಲ್ಲದ ಕಡೆ ಬದುಕಿದವು ಅವು.

ಇನ್ನೊಂದು ವಿಷಯ. ಧಾನ್ಯವಿಲ್ಲ ಎಂದರೆ ಪಿಷ್ಟವಿಲ್ಲ ಎಂದಲ್ಲ. ಒಣ ಕಾಳಿನಂಥ ಆಹಾರವನ್ನು ಯಂತ್ರದಲ್ಲಿ ಉಬ್ಬಿಸಿ ಆಕಾರ ಕೊಡಲು ಪಿಷ್ಟ ಬೇಕೇ ಬೇಕು. ಅಕ್ಕಿ ತೆಗೆದರೆ ಆಲೂಗಡ್ಡೆ, ಗೆಣಸು, ಮರಗೆಣಸು, ಬಟಾಣಿ ಬಂದು ಕೂರುತ್ತವೆ. ಗ್ಲುಟೆನ್ ಭಯವಿದ್ದರೆ ಅದಿರುವುದು ಗೋಧಿ, ಬಾರ್ಲಿಗಳಲ್ಲಿ. ರಾಗಿ, ಜೋಳ, ಅಕ್ಕಿಯಲ್ಲಿ ಇಲ್ಲ. ಐರಿಷ್ ಸೆಟರ್ ತಳಿಯ ಕೆಲವು ನಾಯಿಗಳಿಗೆ ಗ್ಲುಟೆನ್ ನಿಜಕ್ಕೂ ಆಗಿಬರುವುದಿಲ್ಲ, ಅದು ವಂಶದ ದೋಷ.

"ಹಾಗಾದ್ರೆ ನಮ್ಮ ಕರಿಯ?" ಎಂದು ಅಜ್ಜಿ ಗೆದ್ದವರಂತೆ ಕೇಳಿದರು. ಅದನ್ನು ನಾನು ವೈದ್ಯರಿಗೂ ಹೇಳಿದ್ದೆ. ಅವರು ನಕ್ಕು, "ಕರಿಯ ಮುದ್ದೆ ಮಾತ್ರ ತಿಂತಿದ್ದ ಅಂತ ಅಜ್ಜಿಗೆ ಹೇಗೆ ಗೊತ್ತು ಕೇಳಿ" ಎಂದರು. ಕೇಳಿದೆ. ಅಜ್ಜಿ ಯೋಚಿಸಿ ಒಂದೊಂದೇ ಹೇಳಿದರು. ಬಾಡೂಟದ ದಿನ ಮೂಳೆ, ಗದ್ದೆಬಯಲಿನ ಇಲಿ, ಎಮ್ಮೆ ಕರು ಹಾಕಿದಾಗ ಬಿದ್ದ ಸತ್ತೆ, ಪಕ್ಕದ ಮನೆ ಕೋಳಿಮೊಟ್ಟೆ… ಕರಿಯನ ಊಟದ ಪಟ್ಟಿ ನಮ್ಮ ಚೀಲದ ಪಟ್ಟಿಗಿಂತ ಉದ್ದವಿತ್ತು. ಗೇಟು ಹಾಕಿದ ಮನೆಯ ನಾಯಿಗೆ ಈ ಭಾಗ್ಯವಿಲ್ಲ. ನಾವು ಹಾಕಿದ್ದೇ ಅದಕ್ಕೆ ಗತಿ.

ಮನೆಯಡುಗೆ ಎಲ್ಲಿ ಸೋಲುತ್ತದೆ ಎಂಬುದು ಮರಿಗಳಲ್ಲಿ ಬೇಗ ಕಾಣುತ್ತದೆ. ಹಾಲು-ಅನ್ನ, ಮೂಳೆಯಿಲ್ಲದ ಬೇಯಿಸಿದ ಕೋಳಿ ಇಷ್ಟರಲ್ಲೇ ಬೆಳೆದ ದೊಡ್ಡ ತಳಿಯ ಮರಿಗೆ ಕಾಲು ಬಾಗುವುದು, ಚಿಕ್ಕ ಜಿಗಿತಕ್ಕೇ ಮೂಳೆ ಮುರಿಯುವುದು ಉಂಟು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ದೇಹ ತನಗೆ ಬೇಕಾದ ಸುಣ್ಣವನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಬೆಳೆಯುವ ಮರಿಗೆ ಪ್ರತಿ 1000 ಕಿಲೋಕ್ಯಾಲರಿ ಆಹಾರದ ಜೊತೆ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಬೇಕು. ಹಸುವಿನ ಹಾಲಿನಿಂದಲೇ ಅದನ್ನು ತುಂಬಬೇಕಾದರೆ ಎರಡೂವರೆ ಲೀಟರ್ ಕುಡಿಸಬೇಕು! ಹಾಗೆಂದು ಅಂಗಡಿಯಿಂದ ಕ್ಯಾಲ್ಸಿಯಂ ಬಾಟಲಿ ತಂದು ಸುರಿದರೂ ಕೆಡುಕೇ. ಸಿದ್ಧ ಮರಿ ಆಹಾರ ತಿನ್ನುತ್ತಿರುವ ದೊಡ್ಡ ತಳಿಯ ಮರಿಗೆ ಹೆಚ್ಚುವರಿ ಸುಣ್ಣ ಮೂಳೆ ಬೆಳವಣಿಗೆಯನ್ನೇ ಹದಗೆಡಿಸುತ್ತದೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಪುಸ್ತಕ, ಜಾಲತಾಣಗಳಲ್ಲಿ ಸಿಕ್ಕ 200 ಮನೆಯಡುಗೆ ವಿಧಾನಗಳನ್ನು ಪರೀಕ್ಷಿಸಿದಾಗ ಶೇ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಸಾಲದಾಗಿತ್ತು. ಮನೆಯಲ್ಲೇ ಬೇಯಿಸುವವರು ವೈದ್ಯರಿಂದ ಅಳತೆ ಬರೆಸಿಕೊಂಡು, ಅವರು ಹೇಳಿದ ಖನಿಜದ ಪುಡಿ ಬೆರೆಸಿ ಹಾಕಬೇಕು.

ಸಸ್ಯಾಹಾರಿ ಮನೆಗಳವರು ಕೇಳುವ ಪ್ರಶ್ನೆ ಬೇರೆ. ನಾಯಿ ಬೆಕ್ಕಿನಂತಲ್ಲ, ಮಾಂಸವಿಲ್ಲದೆಯೂ ಬದುಕಬಲ್ಲದು. ಆದರೆ ಬರೀ ಮೊಸರನ್ನದಲ್ಲಿ ಅಲ್ಲ. ಪೂರ್ಣ ಪೋಷಣೆಗೆಂದೇ ತಯಾರಿಸಿದ ಸಸ್ಯಾಹಾರಿ ಆಹಾರ ಬೇಕು, ಅಥವಾ ಮೊಟ್ಟೆಯಾದರೂ ಒಪ್ಪಬೇಕು.

ಎಂಟು ವಾರದ ಪರೀಕ್ಷೆ

ಚಿನ್ನುವಿಗೆ ಯಾವುದು ಆಗುವುದಿಲ್ಲ ಎಂದು ಕಂಡುಹಿಡಿಯಲು ರಕ್ತಪರೀಕ್ಷೆ ನೆಚ್ಚಿಕೊಳ್ಳುವಂತಿಲ್ಲ. ಇರುವ ದಾರಿ ಒಂದೇ. ಅವಳು ಎಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ. ಎಂಟು ವಾರ ಅದರ ಹೊರತು ಏನೂ ಇಲ್ಲ. ನಮಗೆ ಸಿಕ್ಕಿದ್ದು ಸಮುದ್ರದ ಮೀನು ಮತ್ತು ಗೆಣಸು, ಮೇಲೆ ವೈದ್ಯರು ಕೊಟ್ಟ ಖನಿಜದ ಪುಡಿ. ಮುಳ್ಳು ಬಿಡಿಸುವ ಕೆಲಸ ನನ್ನದು. ಸಿರಿ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಸಲ ಕೆರೆದಳು, ಎಷ್ಟು ಹೊತ್ತು ಕಾಲು ನೆಕ್ಕಿದಳು ಎಂದು ಬರೆದಿಟ್ಟಳು. ಗೇಟಿಗೆ ರಟ್ಟಿನ ಫಲಕ ತೂಗುಹಾಕಿದಳು: "ನನಗೆ ಏನೂ ಕೊಡಬೇಡಿ. ಪರೀಕ್ಷೆ ನಡೆಯುತ್ತಿದೆ. – ಚಿನ್ನು." ಆದರೂ ಎದುರುಮನೆಯ ಪುಟ್ಟ ಹುಡುಗ ಮೂರನೇ ವಾರ ಹಾಲಿನ ಬಿಸ್ಕತ್ತು ಎಸೆದ. ನೋಟ್‌ಬುಕ್ಕಿನಲ್ಲಿ ಆ ದಿನ ಕೆಂಪು ಶಾಯಿ.

ಆರನೇ ವಾರಕ್ಕೆ ಹೊಟ್ಟೆಯ ಕೆಂಪು ಮಾಸಿತು. ಎಂಟಕ್ಕೆ ರಾತ್ರಿ ಸದ್ದು ನಿಂತಿತು. ಆಮೇಲೆ ಒಂದೊಂದನ್ನೇ ಮರಳಿ ಕೊಟ್ಟು ನೋಡಬೇಕು, ಇಲ್ಲದಿದ್ದರೆ ಪರೀಕ್ಷೆ ಅಪೂರ್ಣ. ಕೋಳಿ ಕೊಟ್ಟ ಮೂರನೇ ದಿನ ಕಾಲು ನೆಕ್ಕಲು ಕುಳಿತಳು. ನಿಲ್ಲಿಸಿದೆವು, ಕಡಿಮೆಯಾಯಿತು. ಎರಡು ವಾರ ಚಪಾತಿ ಕೊಟ್ಟೆವು, ಏನೂ ಆಗಲಿಲ್ಲ. ಎರಡು ವಾರ ರಾಗಿ ಕೊಟ್ಟೆವು, ಏನೂ ಆಗಲಿಲ್ಲ. ಅಜ್ಜಿ ಆ ದಿನ ಏನೂ ಹೇಳಲಿಲ್ಲ, ಸಂಜೆ ಪಾಯಸ ಮಾಡಿದರು.

ಆ ಪಾಯಸವನ್ನು ಚಿನ್ನುವಿಗೆ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಅದರಲ್ಲಿ ಒಣದ್ರಾಕ್ಷಿ ಇತ್ತು. ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ಅಂದಮೇಲೆ ಉಳಿದ ಸಾರನ್ನ ಹಾಕುವ ಅಭ್ಯಾಸ ಬಿಡುವುದೇ ಲೇಸು. ಚಾಕೊಲೇಟ್, ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನ ಕ್ಸೈಲಿಟಾಲ್, ಬೇಯಿಸಿದ ಮೂಳೆ ಇವೂ ಬೇಡ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ.

ಚೀಲ ಕೊಳ್ಳುವಾಗ ಈಗ ನಾವು ಮುಂಬದಿಯ ಚಿತ್ರ ನೋಡುವುದಿಲ್ಲ. ಹಿಂಬದಿಯಲ್ಲಿ "ಪೂರ್ಣ ಮತ್ತು ಸಮತೋಲಿತ" ಎಂಬ ಮಾತು, ಅದು ಮರಿಗೋ ಬೆಳೆದ ನಾಯಿಗೋ ಎಂಬುದು, ಅಮೆರಿಕದ ಆಫ್ಕೊ ಅಥವಾ ಯುರೋಪಿನ ಫೆಡಿಯಾಫ್ ಮಾನದಂಡದ ಉಲ್ಲೇಖ ಇವನ್ನು ಹುಡುಕುತ್ತೇವೆ. ಪಟ್ಟಿಯಲ್ಲಿ ಮೊದಲಿರುವುದು ತೂಕದಲ್ಲಿ ಹೆಚ್ಚು. ಆದರೆ ಹಸಿ ಮಾಂಸದ ತೂಕದಲ್ಲಿ ಮುಕ್ಕಾಲುಪಾಲು ನೀರೇ. ಬಟಾಣಿ, ಬಟಾಣಿ ಪಿಷ್ಟ, ಬಟಾಣಿ ನಾರು ಎಂದು ಒಂದನ್ನೇ ಮೂರು ಹೆಸರಲ್ಲಿ ಹಂಚಿದ್ದರೆ ಕೂಡಿಸಿಕೊಂಡು ಓದಬೇಕು. ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತ ಏಳೆಂಟು ದಿನದಲ್ಲಿ ಬದಲಿಸುತ್ತೇವೆ, ಇಲ್ಲದಿದ್ದರೆ ಭೇದಿ ಖಂಡಿತ.

ಎಷ್ಟು ಹಾಕಬೇಕು ಎಂಬುದು ಏನು ಹಾಕಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಂದು ನನಗೀಗ ಅನಿಸುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದು ತಿಂದದ್ದರಲ್ಲಿ ಕಾಲುಭಾಗ ಕಡಿಮೆ ಹಾಕಿ ಬದುಕಿನುದ್ದಕ್ಕೂ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು. ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು.

ಚಿನ್ನುವಿಗೆ ವೈದ್ಯರು ಹೇಳಿದ ಲೆಕ್ಕ ದಿನಕ್ಕೆ ಸುಮಾರು 1400 ಕಿಲೋಕ್ಯಾಲರಿ. ಮೀನು ಮತ್ತು ಅಕ್ಕಿಯ ಒಣ ಆಹಾರ ಎರಡು ಹೊತ್ತು. ತಿಂಡಿತೀರ್ಥವೆಲ್ಲ ಸೇರಿ ಹತ್ತನೇ ಒಂದು ಪಾಲು ಮೀರುವಂತಿಲ್ಲ. ಆ ಪಾಲನ್ನು ಪೂರ್ತಿ ಅಜ್ಜಿಗೆ ಬಿಟ್ಟುಕೊಟ್ಟಿದ್ದೇವೆ. 40 ಗ್ರಾಂ ಹಿಟ್ಟು, ಉಪ್ಪಿಲ್ಲದ ಮುದ್ದೆ, ನಿಂಬೆಹಣ್ಣಿಗಿಂತ ದಪ್ಪ, ಕ್ರಿಕೆಟ್ ಚೆಂಡಿಗಿಂತ ಸಣ್ಣ. "ನಾಯಿಗೆ ಹಿಟ್ಟು ತೂಗಿ ಹಾಕೋ ಕಾಲ ಬಂತಲ್ಲಪ್ಪ" ಎಂದು ಗೊಣಗುತ್ತಲೇ ಅಜ್ಜಿ ತಕ್ಕಡಿಯ ಮುಂದೆ ಕೂರುತ್ತಾರೆ. ಕೊನೆಯಲ್ಲಿ ಒಂದು ಚಿಟಿಕೆ ಹೆಚ್ಚಿಗೆ ಉದುರಿಸುತ್ತಾರೆ. ಸಿರಿ ಬಂದು ಅದನ್ನು ತೆಗೆದು ಡಬ್ಬಿಗೆ ಹಾಕುತ್ತಾಳೆ. ಚಿನ್ನು ಬಾಗಿಲಲ್ಲಿ ಕೂತು ಇಬ್ಬರನ್ನೂ ನೋಡುತ್ತಿರುತ್ತಾಳೆ.