ನಾಲ್ಕು ತಾಕುಗಳಿಂದ ಊರಿನ ಇಳುವರಿ ಅಂದಾಜು

ಫಸಲ್ ಬಿಮಾ ಯೋಜನೆ (2016) ಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಪ್ರತಿ ಪಂಚಾಯಿತಿಗೆ ಕನಿಷ್ಠ 4 ಕಟಾವು ಪ್ರಯೋಗಗಳಿಂದ ಇಳುವರಿ ಅಂದಾಜು ಮಾಡಲಾಗುತ್ತದೆ. ಅಂದಾಜಿಗೆ ಮೂರು ವಿಧಾನಗಳುಂಟು.

1. ನೇರ ಸರಾಸರಿ: ತೊಗರಿ ಎಕರೆಗೆ 2, 3, 3, 8 ಕ್ವಿಂಟಾಲ್ ಬಂದರೆ ಸರಾಸರಿ 4. ಎಂಟರ ಬದಲು ಮೂರರ ಹೊಲ ಆಯ್ಕೆಯಾಗಿದ್ದರೆ 2.75. ಒಂದೇ ತಾಕಿನಿಂದ ಇಷ್ಟು ಅಂತರ!

2. ಹೋಬಳಿ ಸರಾಸರಿ: ತಾಕುಗಳು ಹೆಚ್ಚಿರುವುದರಿಂದ ಏರುಪೇರು ಕಡಿಮೆ. ಆದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಊರಿಂದೂರಿಗೆ ಮಣ್ಣು, ಮಳೆ ಬೇರೆ. ಒಂದೂರಿನ ನಷ್ಟ ಸರಾಸರಿಯಲ್ಲಿ ಮುಚ್ಚಿಹೋಗಬಹುದು.

3. ಮಿಶ್ರ ಅಂದಾಜು: ಎರಡನ್ನೂ ತೂಗಿ ಸೇರಿಸುವುದು. ಊರಿನ ತಾಕುಗಳು ಹೆಚ್ಚಿದಷ್ಟೂ ಊರಿನ ಅಂಕಿಗೆ ಹೆಚ್ಚು ತೂಕ. ಫೇ ಮತ್ತು ಹೆರಿಯಟ್ 1979ರಲ್ಲಿ ಪ್ರಕಟಿಸಿದ ವಿಧಾನ ಈ ಬಗೆಯದು.

ಯಾವ ವಿಧಾನವಾದರೂ ಕಟಾವು ಸರಿಯಿಲ್ಲದಿದ್ದರೆ ಫಲವಿಲ್ಲ. ಆದ್ದರಿಂದ ರೈತಬಾಂಧವರು ಕಟಾವಿನ ದಿನ ಹಾಜರಿದ್ದು, ಆಯ್ಕೆಯಾದ ತಾಕಿನಲ್ಲೇ ಅಳತೆ, ತೂಕ ನಡೆಯುವುದನ್ನು ನೋಡಿಕೊಳ್ಳಬೇಕು.